ಉಸಿರು ಬರುವ ತನಕದ ಸಾಲು

ನಿನ್ನೆ ರಾಣೆಬೆನ್ನೂರಿನಲ್ಲಿ ಒಂದು ಮದುವೆ ಮೆರವಣಿಗೆ. ಡಿಜೆಯಲ್ಲಿ "ತಡಿಯವ್ವಾ ತಡಿ, ಗಾಳಿ ಬರಲಿ" ಎಂದು ಕೇಳಿದೊಡನೆ ಬ್ಯಾಡಗಿಯ ಮೆಣಸಿನಕಾಯಿ ಘಾಟು ಮೂಗಿಗೆ ಹತ್ತಿದಂತಾಯಿತು.

ಅದು ನನ್ನ ಚಿಗವ್ವನ ಹಾಡು. ನಾನು ಸಣ್ಣವಳಿದ್ದಾಗ ಬ್ಯಾಡಗಿಯಲ್ಲಿ ಅವ್ವ, ಅವಳ ತಂಗಿ ಚಿಗವ್ವ, ಓಣಿಯ ಹೆಂಗಸರೆಲ್ಲ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡೇ ಚಿಗವ್ವ ದಿನಕ್ಕೊಂದು ಹಾಡು ಕಟ್ಟುವಳು. ವ್ಯಾಪಾರಿಯ ಹೊಟ್ಟೆ, ತನ್ನ ಅತ್ತೆಯ ಬಾಯಿ, ಯಾವುದನ್ನೂ ಬಿಡುತ್ತಿರಲಿಲ್ಲ. ನಡುವೆ ಕೆಮ್ಮು ಒತ್ತರಿಸಿ ಬಂದರೆ ಉಳಿದವರು "ತಡಿಯವ್ವಾ ತಡಿ, ಗಾಳಿ ಬರಲಿ" ಎಂದು ಹಾಡು ಎತ್ತಿಕೊಳ್ಳುತ್ತಿದ್ದರು. ಉಸಿರು ಬಂದೊಡನೆ ಚಿಗವ್ವ ಮುಂದಿನ ಸಾಲು ಎತ್ತಿಕೊಳ್ಳುವಳು.

"ಯಾಕ ಅದನ್ನ ಹಾಡ್ತೀರಿ?" ಎಂದು ಕೇಳಿದ್ದಕ್ಕೆ ಅವ್ವ, "ಆಕಿಗೆ ಉಸಿರು ಬರೂತನಕ ಹಾಡು ನಿಲ್ಲಬಾರದಲ್ಲ" ಎಂದಿದ್ದಳು.

ಮೊದಮೊದಲು ಅದನ್ನು ಒಂದು ಸಲ ಹಾಡಿದರೆ ಸಾಕಿತ್ತು. ಬರಬರುತ್ತ ಮತ್ತೆ ಮತ್ತೆ ಹಾಡಬೇಕಾಯಿತು. ಮುಂದಿನ ಸುಗ್ಗಿಗೆ ಚಿಗವ್ವ ಇರಲಿಲ್ಲ. ಅವಳು ಕಟ್ಟಿದ ಸಾಲುಗಳು ಯಾರಿಗೂ ಪೂರ್ತಿ ನೆನಪಿರಲಿಲ್ಲ. ಹೆಂಗಸರು ತಮ್ಮ ಸಾಲೊಂದನ್ನೇ ಹಾಡಿಕೊಂಡು ತೊಟ್ಟು ಬಿಡಿಸಿದರು.

ನಿನ್ನೆ ಡಿಜೆ ಹಚ್ಚಿದವನನ್ನು ಕೇಳಿದೆ, "ಯಾರ ಹಾಡಪಾ ಇದು?"

"ಜನಪದ ಐತ್ರಿ ಅಕ್ಕಾರ, ಯಾರೂ ಬರೆದಿದ್ದಲ್ಲ. ಈಗ ಎಲ್ಲಾರ ಮೊಬೈಲ್‌ನ್ಯಾಗೂ ಇದ ಐತಿ."

ಹಾಡಿನ ತುಂಬ ಅದೊಂದೇ ಸಾಲು ತಿರುತಿರುಗಿ ಬರುತ್ತಿತ್ತು. ಎಲ್ಲರೂ ಕುಣಿಯುತ್ತಿದ್ದರು. ಚಿಗವ್ವ ಈಗ ಎತ್ತಿಕೊಳ್ಳುತ್ತಾಳೆ, ಈಗ ಎತ್ತಿಕೊಳ್ಳುತ್ತಾಳೆ ಎಂದು ನಾನು ಕಾಯುತ್ತ ನಿಂತಿದ್ದೆ.