ತಳ್ಳುವವರ ಸೀಟು

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿಯ ದಸರಾ ರಜೆಯಲ್ಲಿ ಕಡೂರಿನ ಒಂದು ಗ್ಯಾರೇಜಿಗೆ ಸುಮ್ಮನೆ ನೋಡಲು ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಯಾರೂ ಬಿಡಿಸಿದ್ದಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ. ಬಿಚ್ಚಿ ಹರಡಿದ್ದ ಎಂಜಿನ್ ಅರ್ಥವಾಯಿತು, ಬೀಜಗಣಿತ ಅರ್ಥವಾಗಿರಲಿಲ್ಲ. ಸುದ್ದಿ ತಿಳಿದು ಅಜ್ಜಂಪುರದಿಂದ ನನ್ನ ಸೋದರಮಾವ ಬಂದರು. ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಅವ್ವನಿಗೆ ಹೇಳಿದರು:

"ಇವನು ತಳ್ಳಿದ್ರೂ ಓಡೋ ಗಾಡಿ ಅಲ್ಲ ಕಣಮ್ಮ. ಬಿಟ್ಬಿಡು."

ಅದೇ ಮಾವ ಹದಿಮೂರು ವರ್ಷಗಳ ನಂತರ ತಮ್ಮ ಮಗಳನ್ನು ನನಗೇ ಕೊಟ್ಟರು. ಅಷ್ಟು ಹೊತ್ತಿಗೆ ಬೀರೂರು ರಸ್ತೆಯಲ್ಲಿ ನನ್ನದೇ ಷೆಡ್ ಎದ್ದಿತ್ತು. ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಮಾವ ಒಮ್ಮೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಪೈಕಿಯಲ್ಲ.

ಇಷ್ಟು ವರ್ಷ ಕಾರುಗಳ ಹೊಟ್ಟೆಯೊಳಗೆ ಕೈ ಇಟ್ಟಿದ್ದೇನೆ. ಕಾರುಗಳು ನನಗೆ ಅಷ್ಟೇನೂ ಸಿಟ್ಟು ತರಿಸಿಲ್ಲ, ಅವುಗಳ ಯಜಮಾನರು ತರಿಸಿದ್ದಾರೆ. ಹಳೇ ಕಾರು ಕೊಂಡವನಿಗೆ ಅದು ಕೆಡಬೇಕು. ಕೆಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಸಿಂಗಟಗೆರೆಯ ಒಬ್ಬರು ತೆಂಗಿನಕಾಯಿ ಸಾಗಿಸುವುದಕ್ಕೆ ಎರಡು ವರ್ಷ ಬಂದರೆ ಸಾಕು ಎಂದು ತಗೊಂಡ ಕಾರು ಒಂಬತ್ತು ವರ್ಷದಿಂದ ಓಡುತ್ತಿದೆ. ಪ್ರತಿ ಸಲ ಷೆಡ್ಡಿಗೆ ಬಂದಾಗಲೂ, ಹಾಸಿಗೆ ಹಿಡಿದ ಅಜ್ಜನ ವಿಷಯ ಹೇಳುವವರ ಹಾಗೆ ದನಿ ತಗ್ಗಿಸಿ, "ಇನ್ನೂ ಹೋಗಿಲ್ಲ ಕಣ್ರೀ ಇದು" ಎನ್ನುತ್ತಾರೆ. ತರೀಕೆರೆಯಲ್ಲಿ ಬಟ್ಟೆ ಅಂಗಡಿ ನಡೆಸುವ ಅಮ್ಮನೊಬ್ಬರು, ಇಷ್ಟು ದಿನ ಸುಮ್ಮನಿದ್ದದ್ದು ಒಂದೇ ಸಲ ಸೇಡು ತೀರಿಸಿಕೊಳ್ಳುತ್ತದೆ ಎಂದು ಹೆದರಿ ತಮ್ಮ ವ್ಯಾನನ್ನು ಮಾರಿಬಿಟ್ಟರು. ಕೊಂಡವನು ಈಗ ಅದನ್ನು ದಿನಾ ಅವರ ಅಂಗಡಿ ಮುಂದೆಯೇ ಓಡಿಸುತ್ತಾನೆ. ಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಚೆನ್ನಾಗೈತೆ, ಮಾರಬೇಡಿ ಅಂತ ನೀವು ಹೇಳ್ಬೇಕಿತ್ತು."

"ಮೂರು ಸಲ ಹೇಳಿದ್ದೆ ಕಣಮ್ಮ."

"ಜೋರಾಗಿ ಹೇಳ್ಬೇಕಿತ್ತು."

ಇವರೆಲ್ಲ ನನ್ನ ಮಾವನ ಮುಂದೆ ಏನೂ ಅಲ್ಲ.

ಮಾವನದು ಈರುಳ್ಳಿ ವ್ಯಾಪಾರ. ಹರೆಯದಲ್ಲಿ ಅವರ ಹತ್ತಿರ ಒಂದು ಭಾರೀ ಕಾರಿತ್ತು, ಅದು ತಳ್ಳದೆ ಒಂದು ದಿನವೂ ಸ್ಟಾರ್ಟ್ ಆದದ್ದಿಲ್ಲ. ಹಾಗಾಗಿ ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದರು. ಕಡೆಗೆ ಅದು ಬೀರೂರಿನ ರೈಲ್ವೆ ಗೇಟಿನ ಹತ್ತಿರ, ಗೇಟು ತೆಗೆದು ಹಿಂದಿನ ಲಾರಿಗಳೆಲ್ಲ ಹಾರನ್ ಹೊಡೆಯುತ್ತಿರುವಾಗ, ಸತ್ತೇ ಹೋಯಿತು. ಆ ದಿನದ ಅವಮಾನ ಮಾವನ ಮೈಯಲ್ಲಿ ಹಾಗೆಯೇ ಕೂತಿದೆ. ಆಮೇಲೆ ಬಹಳ ವರ್ಷ ಅವರು ಕಾರೇ ತೆಗೆದುಕೊಳ್ಳಲಿಲ್ಲ.

ಏಳು ವರ್ಷದ ಹಿಂದೆ ನಾನೇ ಹಟ ಹಿಡಿದು ಅವರಿಗೊಂದು ಸಣ್ಣ ಬಿಳೀ ಪೆಟ್ರೋಲ್ ಕಾರು ಹುಡುಕಿಕೊಟ್ಟೆ. ಹತ್ತು ವರ್ಷ ಹಳೆಯದು, ಒಂದೇ ಕೈಯಲ್ಲಿ ಓಡಿದ್ದು. ಎಂಜಿನ್ ಬಿಚ್ಚಿ, ತೊಳೆದು, ನಾನೇ ಕೂರಿಸಿದೆ. ಹೊಸ ಬ್ಯಾಟರಿ ಹಾಕಿದೆ. ಕೀ ಅರ್ಧ ತಿರುಗಿಸುವಷ್ಟರಲ್ಲಿ ಹಿಡಿದುಕೊಳ್ಳುತ್ತಿತ್ತು.

ಅಜ್ಜಂಪುರ ಎರೆ ಮಣ್ಣಿನ ಸಪಾಟು ಊರು, ಮಾವನ ಬೀದಿಯಲ್ಲಿ ಇಳಿಜಾರಿಲ್ಲ. ಕಾರು ಬಂದ ವಾರಕ್ಕೇ ಅವರು ಎರಡು ಟ್ರ್ಯಾಕ್ಟರ್ ಲೋಡು ಕೆಂಪು ಮಣ್ಣು ಹೊಡೆಸಿ, ನೀರು ಬಿಟ್ಟು, ತುಳಿಸಿ, ಮನೆ ಮುಂದೆ ಒಂದು ದಿಬ್ಬ ಮಾಡಿಸಿದರು. ಕಾರನ್ನು ಅದರ ನೆತ್ತಿಯ ಮೇಲೆ ಹತ್ತಿಸಿ, ಮುಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟು ನಿಲ್ಲಿಸಿದರು.

"ಇದ್ಯಾಕೆ ಮಾವ?" ಎಂದೆ.

"ಬೆಳಿಗ್ಗೆ ಕೈ ಕೊಟ್ರೆ?"

"ಕೊಡಲ್ಲ."

"ನೀನು ಕಡೂರಲ್ಲಿ ಇರ್ತೀಯ. ಗಾಡಿ ಇಲ್ಲಿರ್ತದೆ."

ಅಷ್ಟಕ್ಕೇ ನಿಲ್ಲಲಿಲ್ಲ. ದಾರಿಯಲ್ಲಿ ನಿಂತರೆ ತಳ್ಳಲು ಗೋಡೌನಿನಲ್ಲಿ ಮೂಟೆ ಹೊರುವ ಮೂವರನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಸಪಾಟು ರಸ್ತೆಗೆ ಇಬ್ಬರು ಸಾಕು, ಏರಿದ್ದರೆ ಮೂವರು ಬೇಕು ಎಂಬುದು ಅವರ ಲೆಕ್ಕ. ಒಬ್ಬ ಮುಂದೆ, ಇಬ್ಬರು ಹಿಂದೆ. ಹಿಂದೆ ಉಳಿದ ಜಾಗದಲ್ಲಿ ಹಗ್ಗದ ಸುರುಳಿ, ಇನ್ನೊಂದು ಬ್ಯಾಟರಿ, ಆ ಎರಡು ಕಲ್ಲು. ಆರು ವರ್ಷ ಆ ಮೂವರು ಈ ಕಾರಿನಲ್ಲಿ ಕಡೂರು, ತರೀಕೆರೆ, ಅಂತರಘಟ್ಟೆ ಎಲ್ಲ ಸುತ್ತಿದರು. ಕಾರು ಕೆಟ್ಟು ಇಳಿದು ತಳ್ಳಿದ್ದು ಒಮ್ಮೆಯೂ ಇಲ್ಲ. ಅವರಲ್ಲಿ ಹಿರಿಯವನು ನನ್ನ ಷೆಡ್ಡಿನಲ್ಲಿ ಟೀ ಕುಡಿಯುತ್ತಾ ಹೇಳಿದ್ದ:

"ಅಣ್ಣ, ನಮಗೂ ನಾಚ್ಕೆ ಆಯ್ತದೆ. ಹೋಗದು, ನಿದ್ದೆ ಮಾಡದು, ಬರದು. ಒಂದ್ಸಲನಾದ್ರೂ ಕೆಟ್ರೆ ಯಜಮಾನ್ರು ಕೊಡಿಸೋ ದೋಸೆ ಮೈಗೆ ಹತ್ತತದೆ."

ನಗು ಬರುವ ವಿಷಯವೇ. ನಗದೆ ಇದ್ದವರು ನನ್ನ ಅತ್ತೆ ಒಬ್ಬರೇ. ಅವರ ಅಕ್ಕ ತರೀಕೆರೆಯಲ್ಲಿದ್ದಾರೆ. ಸೊಂಟದ ಮೂಳೆ ಮುರಿದು ಮಂಚ ಬಿಟ್ಟು ಏಳಲಾರರು. ಅತ್ತೆಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ. ಮನೆ ಮುಂದೆಯೇ ಕಾರಿದೆ, ಅದು ವಾರಕ್ಕೆರಡು ಸಲ ತರೀಕೆರೆಗೇ ಹೋಗುತ್ತದೆ, ಅದರಲ್ಲಿ ಅತ್ತೆಗೆ ಮಾತ್ರ ಸೀಟಿಲ್ಲ.

"ಒಬ್ಬನ್ನ ಇಳಿಸಿ, ನಾನು ಬತ್ತೀನಿ" ಎಂದರೆ ಮಾವನ ಉತ್ತರ ಸಿದ್ಧವಿತ್ತು: "ಹೆಂಗಸರನ್ನ ಕೂರಿಸ್ಕೊಂಡು ರೋಡಲ್ಲಿ ನಿಂತ್ಕೊಂಡ್ರೆ ನೋಡಿದೋರು ಏನಂತಾರೆ ಕಣೇ?"

ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆಯೂ ಕಡಿಮೆಯವರಲ್ಲ.

"ಬೇಡ ಕಣಪ್ಪ. ಮನೇಲಿ ಗಾಡಿ ಇಟ್ಕೊಂಡು ಅಳಿಯನ್ನ ಕರೆಸ್ಕೊಂಡು ಬಂದ್ಲು ಅಂತ ನಮ್ಮಕ್ಕ ಎತ್ತಾಡ್ತಾಳೆ. ನೀನು ಆ ಗಾಡಿ ಚೆನ್ನಾಗೈತೆ ಅಂತ ಇವರಿಗೆ ಒಪ್ಪಿಸು, ಸಾಕು."

ಒಪ್ಪಿಸಲು ನಾನು ಮಾಡದ್ದು ಯಾವುದೂ ಇಲ್ಲ. ಸಪಾಟಿನಲ್ಲಿ ನಿಲ್ಲಿಸಿ ಹತ್ತು ಸಲ ಆಫ್ ಮಾಡಿ ಹತ್ತು ಸಲ ಸ್ಟಾರ್ಟ್ ಮಾಡಿ ತೋರಿಸಿದೆ. "ನಿನ್ನ ಕಂಡ್ರೆ ಅದಕ್ಕೆ ಹೆದರಿಕೆ" ಎಂದರು. ಒಮ್ಮೆ ಅವರು ಅಂತರಘಟ್ಟೆಗೆ ಹೋಗಿದ್ದಾಗ ಅತ್ತೆಯೂ ನಾನೂ ಸೇರಿ ಗುದ್ದಲಿ ಹಿಡಿದು ಆ ದಿಬ್ಬವನ್ನು ಅರ್ಧ ಕಡಿದು ಹಾಕಿದೆವು. ಅವರು ಬಂದ ಎರಡು ದಿನದಲ್ಲಿ ಇನ್ನೊಂದು ಲೋಡು ಮಣ್ಣು ಬಂತು. ದಿಬ್ಬ ಮೊದಲಿಗಿಂತ ಒಂದು ಮೊಳ ಎತ್ತರವಾಯಿತು.

ಹೋದ ವರ್ಷ ಒಂದು ದಿನ ಮಧ್ಯಾಹ್ನ ಫೋನ್ ಬಂತು. ದನಿಯಲ್ಲಿ ಖುಷಿಯೇ ಇತ್ತು ಎಂದರೂ ತಪ್ಪಿಲ್ಲ.

"ನಿನ್ನ ಗಾಡಿ ನಿಂತೋಯ್ತು ಕಣೋ. ತರೀಕೆರೇಲಿ. ಮೂರೂ ಜನ ತಳ್ಳಿದ್ರು, ಅಲ್ಲಾಡ್ಲಿಲ್ಲ."

ಆ ಹೊತ್ತಿಗೆ ನಾನು ಬೇರೆಯವರ ಗೇರ್ ಬಾಕ್ಸ್ ಇಳಿಸಿ ಕೂತಿದ್ದೆ. ಎಲ್ಲ ಬಿಟ್ಟು, ಕೈಯ ಗ್ರೀಸೂ ತೊಳೆಯದೆ, ಬೈಕಿನಲ್ಲಿ ಬೀರೂರು ದಾಟಿ ತರೀಕೆರೆಗೆ ಹೋದೆ. ದಾರಿಯುದ್ದಕ್ಕೂ ಯಾವುದು ಹೋಗಿರಬಹುದು ಎಂದು ಒಂದೊಂದೇ ಭಾಗ ನೆನೆಸಿಕೊಂಡೆ. ನಾನೇ ಕೂರಿಸಿದ ಎಂಜಿನ್. ಕಲ್ಯಾಣಮಂಟಪವೊಂದರ ಮುಂದಿನ ಇಳಿಜಾರಿನಲ್ಲಿ ಕಾರು ನಿಂತಿತ್ತು. ಸುತ್ತ ಜನ. ಮೂವರೂ ಬೆವರಿ ತೊಯ್ದಿದ್ದರು, ಮುಖದಲ್ಲಿ ಮಾತ್ರ ಕೆಲಸ ಸಿಕ್ಕ ಗೆಲುವು. ಕೀ ತಿರುಗಿಸಿದೆ. ಅರ್ಧದಲ್ಲೇ ಸ್ಟಾರ್ಟ್ ಆಯಿತು. ಇಳಿದು ಬಗ್ಗಿ ನೋಡಿದೆ. ಬಲಗಡೆ ಮುಂದಿನ ಚಕ್ರಕ್ಕೆ ಕೊಟ್ಟ ಕಲ್ಲು ಹಾಗೆಯೇ ಇತ್ತು. ಒಂದು ಕಡೆಯದನ್ನು ತೆಗೆದು ಇನ್ನೊಂದು ಕಡೆಯದನ್ನು ಮರೆತಿದ್ದರು. ಇಳಿಜಾರಿಗೆ ಬಿಟ್ಟೇ ಸ್ಟಾರ್ಟ್ ಮಾಡುವ ಮಾವ ನಿಂತಲ್ಲಿ ಕೀ ತಿರುಗಿಸಿಯೇ ಇರಲಿಲ್ಲ.

ಕಲ್ಲನ್ನು ಎತ್ತಿ ಮಾವನ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಒಳ್ಳೇ ಗಾಡಿ ಆಗಿದ್ರೆ ಇಷ್ಟು ಗಾತ್ರದ ಕಲ್ಲು ಹತ್ತಲ್ವಾ?" ಎಂದರು.

ನಾನು ಕಲ್ಲನ್ನು ಬೈಕಿನ ಬ್ಯಾಗಿಗೆ ಹಾಕಿಕೊಂಡು ಕಡೂರಿಗೆ ಬಂದುಬಿಟ್ಟೆ.

ಇದಾಗಿ ಎರಡು ತಿಂಗಳಿಗೆ, ಕಾರಿನ ಆಯಿಲ್ ಬದಲಾಯಿಸಲು ಅಜ್ಜಂಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ತರೀಕೆರೆಯಿಂದ ಫೋನ್ ಬಂತು. ಅಕ್ಕ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ತಂಗಿಯನ್ನು ಕೇಳುತ್ತಿದ್ದಾರೆ ಎಂದು. ಮಾವ ಅಂದು ತರೀಕೆರೆಗೆ ಹೊರಟೇ ಇದ್ದರು. ಆದರೆ ಮೂವರಲ್ಲಿ ಒಬ್ಬ ಬಂದಿರಲಿಲ್ಲ, ಅವನ ಷಡ್ಡಕನ ಮನೆಯಲ್ಲಿ ನಾಮಕರಣ.

"ಇಬ್ಬರನ್ನ ಕಟ್ಕೊಂಡು ಹೆಂಗೆ ಹೋಗದು? ಇವತ್ತು ಬೇಡ, ನಾಳೆ ನೋಡಣ" ಎಂದು ಮಾವ ಕೀಯನ್ನು ಗೂಡಿನಲ್ಲಿಟ್ಟರು.

ನನಗೆ ತಲೆ ಕೆಟ್ಟಿತು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಎದ್ದರು. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದರು, ಕೀ ತೆಗೆದು ಮಾವನ ಕೈಗೆ ಕೊಟ್ಟರು, ಬೀದಿಗೆ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಬ್ಬದ ಹಿಂದೆ ನಿಧಾನವಾಗಿ ಹತ್ತಿ, ಕಾರಿನ ಡಿಕ್ಕಿಗೆ ಎರಡೂ ಕೈ ಕೊಟ್ಟು ನಿಂತರು.

"ಏನೇ ಇದು?" ಎಂದರು ಮಾವ.

"ಒಬ್ಬ ತಾನೆ ಕಮ್ಮಿ? ನಾನಿದ್ದೀನಿ. ಹತ್ತಿ."

"ಬಾರೇ ಈಚೆ. ಜನ ನೋಡ್ತಾರೆ."

"ನೋಡ್ಲಿ. ಆರು ವರ್ಷದಿಂದ ಅವರನ್ನ ಕೂರಿಸ್ಕೊಂಡು ಹೋಯ್ತಿದ್ದೀರಲ್ಲ, ಆ ಕಲ್ಲಿನ ದಿನ ಬಿಟ್ರೆ ಒಂದಿನನಾದ್ರೂ ತಳ್ಳಿದಾರಾ? ನಾನು ತಳ್ತೀನಿ. ಲೇ, ಕಲ್ಲು ತೆಗೀರಪ್ಪ."

ಬಂದಿದ್ದ ಇಬ್ಬರು ಆಳುಗಳೂ ನನ್ನ ಮುಖ ನೋಡಿದರು. ತೆಗೆಯಿರಿ ಎಂದೆ. ಎದುರು ಮನೆಯ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ನಲ್ಲಿ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟರು. ರೈಲ್ವೆ ಗೇಟಿನ ಮುಂದೆ ಅವತ್ತು ಮಾವ ಹೇಗೆ ನಿಂತಿದ್ದರೋ ನಾನು ಕಾಣೆ, ಈ ದಿನದ ಮುಖವನ್ನಂತೂ ಕಂಡೆ. ಹೆಂಡತಿಯ ಕೈಯಲ್ಲಿ ಕಾರು ತಳ್ಳಿಸಿದ ಎನ್ನುವ ಮಾತು ಅಂಟುವ ಮೊದಲು ಅದು ಸ್ಟಾರ್ಟ್ ಆಗಬೇಕಿತ್ತು. ಆರು ವರ್ಷದಲ್ಲಿ ಮೊದಲ ಸಲ ಮಾವನಿಗೆ ಆ ಕಾರು ಚೆನ್ನಾಗಿರುವುದು ಬೇಕಾಗಿತ್ತು.

ಅವಸರದಲ್ಲಿ ಹತ್ತಿ, ಇಳಿಜಾರಿಗೆ ಬಿಡದೆ, ನಿಂತಲ್ಲೇ ಕೀ ತಿರುಗಿಸಿದರು. ಅರ್ಧಕ್ಕೇ ಹಿಡಿದುಕೊಂಡಿತು.

ಅತ್ತೆ ಕೈ ಝಾಡಿಸಿಕೊಂಡು ಬಂದು ಮುಂದಿನ ಬಾಗಿಲು ತೆಗೆದರು. ಅಲ್ಲಿ ಕೂರಲು ಹೊರಟಿದ್ದ ಹಿರಿಯವನಿಗೆ, "ಹಿಂದೆ ಹೋಗಪ್ಪ. ಇದು ನನ್ನ ಜಾಗ" ಎಂದರು.

ಅಂದು ತಂಗಿಯ ಕೈಯಿಂದ ಅಕ್ಕ ಎರಡು ಗುಟುಕು ಗಂಜಿ ಕುಡಿದರಂತೆ. ಈಗ ಅತ್ತೆ ವಾರಕ್ಕೊಂದು ಸಲ ಹೋಗಿಬರುತ್ತಾರೆ, ಅಕ್ಕ ದಿಂಬಿಗೆ ಒರಗಿ ಕೂರುವಷ್ಟಾಗಿದ್ದಾರೆ. ನನ್ನ ಮಾತು ಗೆದ್ದಿತು ಎಂದುಕೊಂಡರೆ ತಪ್ಪು. ಮಾವ ದಿಬ್ಬವನ್ನು ತೆಗೆಸಿಲ್ಲ. ಹಿಂದೆ ಇಬ್ಬರು ಕೂರುವುದೂ ತಪ್ಪಿಲ್ಲ. ಯಾರಾದರೂ ಕೇಳಿದರೆ, "ತಳ್ಳಾಕೆ ಮೂರು ಜನ ಅವ್ರೆ, ತೊಂದ್ರೆ ಇಲ್ಲ" ಎನ್ನುತ್ತಾರೆ. ಮೂರನೆಯವರು ಅತ್ತೆ. ಗಾಡಿ ಚೆನ್ನಾಗಿದೆ ಎಂಬ ಒಂದು ಮಾತು ಆ ಬಾಯಿಂದ ನಾನು ಇನ್ನೂ ಕೇಳಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬೀರೂರು ರಸ್ತೆಯಲ್ಲಿ ಒಂದು ಷೆಡ್, ನಾಲ್ಕು ಜಾಕ್, ಇಬ್ಬರು ಕೆಲಸಗಾರರು, ಒಂದು ಬೈಕು, ಮತ್ತು ಮಾವನ ಕಾರಿನ ಚಕ್ರದ ಕಲ್ಲು ಒಂದು. ಇನ್ನೊಂದನ್ನು ಅವರು ಕೊಟ್ಟಿಲ್ಲ.