ಮಸುನೋ ಬರೆಯುವ ಸಾಲು
ಟೋಕಿಯೋದ ಕಾಮಿಕ್ಸ್ ಕಲಾವಿದೆ ಮಸುನೋ ಅವರಿಗೆ ಶಾಯಿ ಅಂಟದ ಬೆರಳಿಲ್ಲ, ಬೈಯದ ಸಂಪಾದಕನಿಲ್ಲ. ಎಡಗೈ ಅನ್ನದುಂಡೆಯನ್ನು ಬಾಯಿಗಿಡುತ್ತಿದ್ದರೂ ಬಲಗೈ ಚಿತ್ರ ಬರೆಯುತ್ತಲೇ ಇರುತ್ತದೆ. ಭೂಕಂಪವಾದರೆ ಮೊದಲು ಹಿಡಿದುಕೊಳ್ಳುವುದು ಶಾಯಿಕುಡಿಕೆಯನ್ನೇ. ಈಗ ಬರೆಯುತ್ತಿರುವುದು, ಹೆರುವುದೂ ಬಿಡುವುದೂ ಹೆಂಗಸಿನ ಇಷ್ಟವೆಂದು ಹೋರಾಡಿ, ಜೈಲು ಕಂಡು, ಬಡವರ ಕೇರಿಯಲ್ಲಿ ಗರ್ಭನಿರೋಧದ ದವಾಖಾನೆ ತೆರೆದ ಹಳೆಯ ಕಾಲದ ವೈದ್ಯೆಯ ಜೀವನಕಥೆ. ಈ ಕಸುಬಿನಲ್ಲಿ ನಾಯಕಿಯ ಮುಖವನ್ನು ಬರೆಯುವವರು ‘ಸೆನ್ಸೇ’ ಎನಿಸಿಕೊಂಡ ಗುರುಗಳು, ಹಿಂದಿನ ಗುಂಪನ್ನು ತುಂಬುವವರು ಸಹಾಯಕರು. ಮಸುನೋ ಅವರದು ಉಲ್ಟಾ. "ನಾಯಕೀನ ನೀನೇ ಬರಿಯೇ ಚಿಗುಸಾ, ಅವಳನ್ನ ಹೇಗೂ ಎಲ್ರೂ ನೋಡ್ತಾರೆ. ದವಾಖಾನೆ ಮುಂದಿನ ಸಾಲು ನಂಗಿರ್ಲಿ" ಎನ್ನುತ್ತಾರೆ. ತನ್ನ ತಲೆ ನರೆತರೂ ಜೊತೆ ಬಿಡದ ಸಹಾಯಕಿ ಚಿಗುಸಾ, "ಸಂಪಾದಕರು ನನ್ನ ಚರ್ಮ ಸುಲೀತಾರೆ, ಸೆನ್ಸೇ!" ಎಂದು ಗೊಣಗುತ್ತಾಳೆ. "ಸುಲೀಲಿ ಬಿಡು, ಅದನ್ನೂ ಬರಿಯೋಣ." ಸಾಲಿನಲ್ಲಿ ಒಬ್ಬಳ ಮೂಗು ಇನ್ನೊಬ್ಬಳಿಗಿಲ್ಲ. ಆದರೆ ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬಳು ಮಾತ್ರ ಪ್ರತಿ ಪುಟದಲ್ಲೂ ಕಟ್ಟಕಡೆಗೆ ನಿಂತಿರುತ್ತಾಳೆ. ನಿನ್ನೆ ಮುಗಿದ ಕೊನೆಯ ಪುಟದಲ್ಲಿ ಅವಳೇ ಎಲ್ಲರಿಗಿಂತ ಮುಂದೆ, ಬಾಗಿಲ ಮೇಲೆ ಕೈಯಿಟ್ಟಿದ್ದಾಳೆ. "ಇವಳ್ಯಾರು ಸೆನ್ಸೇ?" ಎಂದಳು ಚಿಗುಸಾ. ಮಸುನೋ ಹಸಿ ಶಾಯಿಯನ್ನು ಮೆಲ್ಲಗೆ ಊದಿದರು. "ನಮ್ಮಮ್ಮ. ಎಂಟನೇ ಹೆರಿಗೇಲಿ ಹೋಗ್ಬಿಟ್ಲು. ಇಂಥದೊಂದು ಬಾಗಿಲು ಇದೆ ಅಂತ ಅವಳಿಗೆ ಯಾರೂ ಹೇಳೇ ಇರ್ಲಿಲ್ಲ. ಬೆನ್ನ ಮೇಲಿರೋಳು ನಾನು. ನಾನೇ ಕರ್ಕೊಂಡು ಬಂದೆ."