ಮೂರನೆಯ ಸಲ ಕೂಗಲಿಲ್ಲ

ದೆವ್ವ ಕಂಡೆ, ಗಾಳಿ ಸೋಕಿತು ಎನ್ನುವವರು ಸಿಕ್ಕರೆ ಮೊದಲು ಅವರ ಬಾಯಿ ಮೂಸಿ ನೋಡಬೇಕು ಎನ್ನುವ ಪೈಕಿ ನಾನು. ನಮ್ಮ ಎಚ್.ಡಿ. ಕೋಟೆ ಕಡೆ ಇಂಥ ಕಥೆಗಳಿಗೆ ಬರವಿಲ್ಲ. ಜಗಲಿಯ ಮೇಲೆ ಯಾರಾದರೂ ಶುರು ಮಾಡಿದರೆ ಸಾಕು, ನಡುವೆ ಬಾಯಿ ಹಾಕಿ, ಅಡ್ಡಪ್ರಶ್ನೆ ಕೇಳಿ, ಕಥೆ ಕೆಡಿಸುವುದೇ ನನಗೊಂದು ಖುಷಿ. "ಇವ್ನ ಮುಂದೆ ಏನೂ ಏಳಂಗಿಲ್ಲ ಕಣ್ರಪ್ಪಾ" ಎಂದು ಜನ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ಈಗ ಅದೇ ನಾನು ಒಂದು ರಾತ್ರಿಯ ವಿಷಯ ಬರೆಯಲು ಕೂತಿದ್ದೇನೆ. ನನ್ನ ಬಾಯಿಯನ್ನೂ ಮೂಸಬೇಕೆನಿಸಿದರೆ ಮೂಸಿ, ಬೇಜಾರಿಲ್ಲ. ಅವತ್ತು ನಾನು ಒಂದು ತೊಟ್ಟೂ ಕುಡಿದಿರಲಿಲ್ಲ.

ಆಗ ನಾನು ಬೀಚನಹಳ್ಳಿಯ ಆಚೆ, ಹಿನ್ನೀರಿನ ದಡದಲ್ಲಿ ಪ್ರವಾಸಿಗರಿಗೆ ಟೆಂಟ್ ಹಾಕಿಕೊಡುವ ಒಂದು ಕ್ಯಾಂಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಚಳಿಗಾಲದಲ್ಲಿ ಅತಿಥಿಗಳಿಗೆ ಸಣ್ಣ ಗ್ಯಾಸ್ ಹೀಟರ್ ಕೊಡುವುದಿತ್ತು. ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದಷ್ಟು ಚಿಕ್ಕದು, ಹಿಂದೆ ಪುಟ್ಟ ಸಿಲಿಂಡರ್, ಮುಂದೆ ಕೆಂಪಗೆ ಕಾಯುವ ಜಾಲರಿ. ಕೊಡುವಾಗ ನಾನು ಒಂದು ಗಿಣಿಪಾಠ ಒಪ್ಪಿಸುತ್ತಿದ್ದೆ. ಇದನ್ನು ಹೊರಗಿಟ್ಟುಕೊಂಡು ಮೈ ಕಾಯಿಸಿಕೊಳ್ಳಿ, ಟೆಂಟಿನೊಳಗೆ ತರಬೇಡಿ, ಮಲಗುವ ಮೊದಲು ಆರಿಸಿ. ಹೊಗೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ, ಆದರೂ ಮುಚ್ಚಿದ ಜಾಗದಲ್ಲಿ ಉರಿದರೆ ಜೀವ ತೆಗೆಯುತ್ತದೆ. ತಲೆನೋವು, ವಾಕರಿಕೆ ಬಂದರೆ ಮೊದಲು ಆಚೆ ಬನ್ನಿ, ಆಮೇಲೆ ಮಾತು. ದಿನಾ ಸಂಜೆ ಹೇಳಿ ಹೇಳಿ ಅದು ನನ್ನ ಕಿವಿಗೇ ಬೀಳದಂತಾಗಿಬಿಟ್ಟಿತ್ತು.

ನನ್ನ ಅಕ್ಕನನ್ನು ಕೊಟ್ಟಿದ್ದು ಎನ್. ಬೇಗೂರಿನ ಹತ್ತಿರ, ಕಾಡಂಚಿನ ಒಂದು ಹಳ್ಳಿಗೆ. ಅವಳ ಗಂಡ ಮಾದೇವ ಭಾವ ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಮ್ಮಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು, ಬೈದವರು, ಒಂದು ಸಲ ಬೆತ್ತ ಮುರಿಯುವ ಹಾಗೆ ಹೊಡೆದವರು ಅವರೇ. ರಾಗಿ ತೆನೆ ಬಲಿಯುವ ಹೊತ್ತಿಗೆ ಅಲ್ಲಿ ಆನೆ ಇಳಿಯುತ್ತವೆ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಮೇಲೆ ಅಟ್ಟಣೆ ಕಟ್ಟಿ, ರಾತ್ರಿಯಿಡೀ ಕಾವಲು ಕೂರಬೇಕು. ಅಟ್ಟಣೆಯ ಕೆಳಗೆ ಬೆಂಕಿ ಹಾಕುವುದು ವಾಡಿಕೆ. ಆನೆಗೂ ಭಯ, ಕೂತವನಿಗೂ ಬೆಚ್ಚಗೆ. ಆದರೆ ಆ ಬೆಂಕಿಯ ಹೊಗೆಯೆಲ್ಲ ನೇರ ಅಟ್ಟಣೆಗೇ ಏರುತ್ತಿತ್ತು. ಆ ವರ್ಷ ಭಾವನಿಗೆ ಕೆಮ್ಮು ಜೋರಾಗಿ, ಡಾಕ್ಟರು ಹೊಗೆಯ ಹತ್ತಿರ ಹೋಗಕೂಡದು ಎಂದಿದ್ದರು.

"ಒಗೆ ಕುಡ್ದೂ ಕುಡ್ದೂ ರಾತ್ರಿಯೆಲ್ಲಾ ಕೆಮ್ತಾರೆ ಕಣ್ಲಾ. ನಿಮ್ ಕ್ಯಾಂಪಲ್ಲಿ ಏನಾರ ಇದ್ರೆ ತಂದ್ಕೊಡು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಮಾರನೆಯ ವಾರ ರಜೆ ಹಾಕಿ, ಸ್ಟೋರಿನಿಂದ ಒಂದು ಹೀಟರನ್ನು ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡು, ಸರಗೂರಿನಲ್ಲಿ ಬಸ್ಸು ಬದಲಿಸಿ ಹೋದೆ. ಹೋಗುವಾಗ ಎಷ್ಟು ಬೀಗಿದ್ದೆ ಎಂದರೆ, ಭಾವನ ಋಣ ಒಂದೇ ಏಟಿಗೆ ತೀರಿಸುತ್ತೇನೆ ಅಂದುಕೊಂಡಿದ್ದೆ.

ರಾತ್ರಿ ಎಂಟಕ್ಕೆ ಮುದ್ದೆ ಉಂಡು ಇಬ್ಬರೂ ಅಟ್ಟಣೆ ಏರಿದೆವು. ಮೊದಲೆಲ್ಲ ಅದಕ್ಕೆ ಹುಲ್ಲಿನ ಮಾಡು, ಸುತ್ತ ತೆಂಗಿನ ಗರಿ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಆ ವರ್ಷ ಭಾವ ಹೊಸ ಟಾರ್ಪಾಲು ತಂದು ತಲೆಯ ಮೇಲೆ, ನಾಲ್ಕೂ ಮಗ್ಗುಲಿಗೆ ಬಿಗಿದಿದ್ದರು. ಬಿದಿರಿನ ನೆಲಕ್ಕೂ ಗೊಬ್ಬರದ ಚೀಲ ಹೊಲಿದು ಹಾಸಿದ್ದರು. "ಒಂದ್ ಸೊಳ್ಳೆ ಬರಾಕಿಲ್ಲ, ನೋಡ್ಲಾ" ಎಂದು ಹೆಮ್ಮೆಯಿಂದ ತೋರಿಸಿದರು. ನಾನೂ ಭೇಷ್ ಎಂದೆ. ಹೀಟರ್ ಹಚ್ಚಿದೆ. ಹಿನ್ನೀರಿನ ದಡದಲ್ಲಿ ಗುರುತಿಲ್ಲದವರಿಗೆಲ್ಲ ದಿನಾ ಒಪ್ಪಿಸುವ ಪಾಠದಲ್ಲಿ ಒಂದು ಮಾತೂ ನನ್ನ ಬಾಯಿಗೆ ಬರಲಿಲ್ಲ. ಇದು ಟೆಂಟಲ್ಲ, ಅಟ್ಟಣೆ. ಇಲ್ಲಿ ಕೂತಿರುವವರು ಅತಿಥಿಗಳಲ್ಲ, ನಮ್ಮ ಭಾವ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಥೂ, ನನ್ನ ಬುದ್ಧಿಗಿಷ್ಟು.

"ಒಗೇನೇ ಇಲ್ವಲ್ಲೋ ಇದ್ರಲ್ಲಿ!" ಎಂದು ಭಾವ ಜಾಲರಿಯ ಮುಂದೆ ಅಂಗೈ ಹಿಡಿದು ನಕ್ಕರು. ಒಂದು ಗಂಟೆ ಕಳೆದರೂ ಒಂದು ಸಲವೂ ಕೆಮ್ಮಲಿಲ್ಲ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ.

ಹತ್ತೂವರೆಯೋ ಹನ್ನೊಂದೋ ಇರಬೇಕು. ನನಗೆ ತಲೆ ಸಿಡಿಯುತ್ತಿತ್ತು, ಬಸ್ಸಿನ ಪ್ರಯಾಣದ್ದು ಅಂದುಕೊಂಡೆ. ಭಾವ ಗೋಣಿಚೀಲದ ಗಂಟಿಗೆ ಒರಗಿ ತೂಕಡಿಸುತ್ತಿದ್ದರು. ಆಗ ಕೆಳಗಿನಿಂದ, ಏಣಿಯ ಬುಡದಿಂದ, ಯಾರೋ ಕೂಗಿದರು.

"ಭಾವಾ..."

ಗಂಡಸಿನ ದನಿ. ಓಡಿ ಬಂದವನ ಹಾಗೆ ಉಸಿರು ಸಿಕ್ಕಿಕೊಂಡಿತ್ತು. ಭಾವ ಕಣ್ಣು ಬಿಟ್ಟರು.

"ಯಾರೋ ಕರೀತಾವ್ರೆ ಭಾವ. ಊರ ತುಂಬಾ ನಿಮಗೆ ಬಾಮೈದ್ರು, ಯಾರೋ ಬೀಡಿಗೆ ಬಂದಿರಬೇಕು" ಎಂದೆ ನಾನು.

"ಸುಮ್ಕಿರು, ಓಗೊಡಬ್ಯಾಡ" ಎಂದು ಭಾವ ಕೈ ಎತ್ತಿದರು. "ಮೂರ್ ಸತಿ ಕೂಗ್ಲಿ."

ಇದು ಅಲ್ಲಿ ಕಾವಲು ಕೂರುವವರೆಲ್ಲರ ಕಟ್ಟಳೆ. ರಾತ್ರಿ ಹೊತ್ತು ಯಾರು ಕೂಗಿದರೂ ಎರಡು ಸಲಕ್ಕೆ ಉತ್ತರ ಕೊಡಕೂಡದು, ಏಳಕೂಡದು. ಗಾಳಿಪೀಡೆಗೆ ಎರಡೇ ಸಲ ಕೂಗುವ ಶಕ್ತಿಯಂತೆ. ಮನುಷ್ಯನಾದರೆ ಮೂರನೆಯ ಸಲವೂ ಕೂಗುತ್ತಾನೆ. ಈ ಮಾತಿಗೆ ನಾನು ಮೊದಲಿನಿಂದಲೂ ನಗುತ್ತಿದ್ದೆ. ಮೂರನೆಯ ಸಲ ಕೂಗುವಷ್ಟರಲ್ಲಿ ಪಾಪ, ಕರೆಯುವವನನ್ನು ಆನೆ ತುಳಿದಿದ್ದರೆ ಎಂದು ಭಾವನನ್ನೇ ಕೇಳಿದ್ದುಂಟು.

"ಭಾವಾ..." ಎರಡನೆಯ ಸಲ. ಮೊದಲಿಗಿಂತ ಸಣ್ಣಗೆ.

ನಾವು ಕಾದೆವು. ಮತ್ತೆ ಸದ್ದಿಲ್ಲ. ನನಗೆ ರೇಗಿತು. ಹೊಟ್ಟೆಯೂ ತೊಳಸುತ್ತಿತ್ತು. "ನಾನೇ ನೋಡ್ಕಂಡು ಬತ್ತೀನಿ, ನಿಮ್ಮ ಗಾಳಿ ಹೆಂಗದೆ ಅಂತ" ಎಂದು ಟಾರ್ಚ್ ಹಿಡಿದು ಎದ್ದೆ.

"ಇನ್ನೊಂದ್ ಸತಿ ಕೂಗ್ಲಿ ತಡೀಲಾ. ಆಮೇಕೆ ಇಬ್ರೂ ಇಳಿಯವಾ" ಎಂದರು ಭಾವ. ನಾನು ಕೇಳಲಿಲ್ಲ. ಏಣಿಗೆ ಕಾಲಿಟ್ಟಾಗ, "ಓಗೋದಾದ್ರೆ ಟಾರ್ಪಾಲ್ ಮುಚ್ಬುಟ್ಟು ಓಗು, ಚಳಿ ಬತ್ತದೆ" ಎಂದರು. ನಾನು ಟಾರ್ಪಾಲನ್ನು ಎಳೆದು, ಹಗ್ಗವನ್ನು ಎರಡು ಸುತ್ತು ಸುತ್ತಿ, ಚೆನ್ನಾಗಿ ಬಿಗಿದು ಇಳಿದೆ.

ಕೆಳಗೆ ಯಾರೂ ಇರಲಿಲ್ಲ. ಟಾರ್ಚ್ ಬಿಟ್ಟ ಕಡೆಯೆಲ್ಲ ರಾಗಿ, ಇಬ್ಬನಿ. ನಾಲ್ಕು ಹೆಜ್ಜೆ ನಡೆದೆ, ತಲೆ ಗಿರ್ರೆಂದಿತು, ಉಂಡದ್ದೆಲ್ಲ ವಾಂತಿಯಾಗಿ ಸಾಲಿನ ನಡುವೆ ಕುಸಿದೆ. ಬಿದ್ದ ಮೇಲೆ, ಥಣ್ಣಗಿನ ಗಾಳಿ ಎದೆಗೆ ಹೋದ ಮೇಲೆ, ನನ್ನ ಗಿಣಿಪಾಠ ನನಗೆ ಕೇಳಿಸಿತು. ತಲೆನೋವು, ವಾಕರಿಕೆ ಬಂದರೆ ಮೊದಲು ಆಚೆ ಬನ್ನಿ. ಅಯ್ಯೋ, ಭಾವ ಒಳಗಿದ್ದಾರೆ!

ತೆವಳಿಕೊಂಡು ಏಣಿಯ ಬುಡಕ್ಕೆ ಬಂದೆ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕೈ ಸೋತು ಅಂಗಾತ ಬಿದ್ದೆ. ಕೂಗಬೇಕು ಎಂದು ಬಾಯಿ ತೆರೆದೆ. ನಾಲಿಗೆ ಹೊರಳಲಿಲ್ಲ. ಮೇಲೆ ಟಾರ್ಪಾಲಿನೊಳಗೆ ಕೆಂಪು ಬೆಳಕು ಕಾಣುತ್ತಿತ್ತು, ಕೆಳಗಿನಿಂದ ನೋಡಲು ತುಂಬ ಬೆಚ್ಚಗಿತ್ತು. ಅದನ್ನೇ ನೋಡುತ್ತಾ ನನಗೆ ಎಚ್ಚರ ತಪ್ಪಿತು.

ಬೆಳಗ್ಗೆ ನನ್ನನ್ನು ಅಲುಗಾಡಿಸಿ ಎಬ್ಬಿಸಿದ್ದು ಬೊಮ್ಮಣ್ಣ, ಕಾಡಿನ ಹಾಡಿಯವನು, ಪಕ್ಕದ ಹೊಲದ ಅಟ್ಟಣೆಯಲ್ಲಿ ಕೂಲಿಗೆ ಕಾವಲಿದ್ದವನು. ಅವನೇ ಮೇಲೆ ಹತ್ತಿ ಹಗ್ಗ ಬಿಚ್ಚಿದ. ಗ್ಯಾಸ್ ಮುಗಿದು ಹೀಟರ್ ತಣ್ಣಗಾಗಿತ್ತು. ಭಾವ ನಾನು ಬಿಟ್ಟುಬಂದ ಹಾಗೇ ಒರಗಿಕೊಂಡು ಕೂತಿದ್ದರು, ಮುಖ ಏಣಿಯ ಕಡೆಗಿತ್ತು. ಸರಗೂರಿನ ಆಸ್ಪತ್ರೆಗೆ ಒಯ್ದೆವು. ಒಯ್ದದ್ದು ಸುಮ್ಮನೆ ನಮ್ಮ ಸಮಾಧಾನಕ್ಕೆ.

ವಿಷಗಾಳಿ, ಇನ್ನೊಂದು ಅರ್ಧ ಗಂಟೆ ಒಳಗಿದ್ದಿದ್ದರೆ ನೀವೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕೂಗಿನ ವಿಷಯ ಹೇಳಿದೆ. ಆ ಗಾಳಿ ತಲೆಗೇರಿದರೆ ಇಲ್ಲದ್ದೆಲ್ಲ ಕೇಳಿಸುತ್ತದೆ ಎಂದರು. ನಾನು ಒಪ್ಪಿಕೊಂಡೆ. ಅಂಥ ಉತ್ತರವೇ ನನಗೂ ಬೇಕಿತ್ತು. ಅಕ್ಕ ಮಾತ್ರ ಒಂದೇ ಮಾತು ಕೇಳಿದಳು. "ಚಳಿಗೆ ಅಂತ ತಂದ್ಯಲ್ಲೋ, ಇಂಗಾಗ್ತದೆ ಅಂತ ನಿಂಗೆ ಗೊತ್ತಿರ್ನಿಲ್ವೇನ್ಲಾ?" ಗೊತ್ತಿತ್ತು ಅಕ್ಕಾ ಎಂದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಇವತ್ತಿನವರೆಗೂ ಆ ಮಾತು ಮತ್ತೆ ಎತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬೊಮ್ಮಣ್ಣ ಬಂದಿದ್ದ. ಊಟ ಮಾಡದೆ ಹಿತ್ತಲಲ್ಲಿ ಕೂತಿದ್ದವನ ಹತ್ತಿರ ಹೋದೆ.

"ನಂದೂ ತಪ್ಪದೆ ಸ್ವಾಮಿ" ಎಂದ. "ಅವತ್ತು ಎಲ್ಡು ಸತಿ ಕೂಗುದ್ದು ನಂಗೂ ಕೇಳುಸ್ತು. ಮೂರ್ನೇದು ಬರ್ಲಿ ಅಂತ ಕಾಯ್ಕಂಡಿದ್ದೆ. ಬಂದಿದ್ರೆ ಓಡಿ ಬಂದ್ಬುಡ್ತಿದ್ದೆ."

ಅವನು ಕೂತಿದ್ದದ್ದು ಟಾರ್ಪಾಲಿಲ್ಲದ, ಸುತ್ತ ತೆರೆದ ಅಟ್ಟಣೆಯಲ್ಲಿ, ಅವನ ತಲೆಗೆ ಯಾವ ವಿಷಗಾಳಿಯೂ ಏರಿರಲಿಲ್ಲ. "ಯಾರ ದನಿ ಬೊಮ್ಮಣ್ಣ ಅದು?" ಎಂದು ಕೇಳಿದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಿಮ್ದೇ ಅಲ್ವಾ? ಭಾವಾ, ಭಾವಾ ಅಂತ ಏಣಿ ತಾವಿಂದ ಕೂಗುದ್ರಲ್ಲ. ದನಿ ನಡುಗ್ತಿತ್ತು. ಅದಾಗಿ ಒಸಿ ಹೊತ್ತಿಗೆ ಮ್ಯಾಲಿಂದ ಬ್ಯಾಟ್ರಿ ಬೆಳಕು ಇಳೀತು, ಅದ್ಯಾಕೋ ನಂಗೂ ತಿಳೀನಿಲ್ಲ."

ನಾನು ಎಷ್ಟೋ ವಿಧವಾಗಿ ಲೆಕ್ಕ ಹಾಕಿ ನೋಡಿದ್ದೇನೆ. ಇಳಿದು ಬಿದ್ದ ಮೇಲೆ ನಾನೇ ಎರಡು ಸಲ ಕೂಗಿ, ಮಬ್ಬಿನಲ್ಲಿ ಹಿಂದುಮುಂದಾಗಿ ನೆನಪಿಟ್ಟುಕೊಂಡಿರಬಹುದು. ಆದರೆ ತಡಿ, ಇನ್ನೊಂದು ಸತಿ ಕೂಗಲಿ ಎಂದು ಭಾವ ಎದುರಿಗೆ ಕೂತು ನನಗೇ ಹೇಳಿದ್ದರಲ್ಲ? ಬೊಮ್ಮಣ್ಣ ದನಿ ಹಿಡಿಯುವುದರಲ್ಲಿ ತಪ್ಪಿರಬಹುದು. ಅದೂ ಇರಬಹುದು. ಕ್ಯಾಂಪಿನ ಕೆಲಸ ಬಿಟ್ಟಿಲ್ಲ. ಈಗ ಹೀಟರ್ ಕೊಟ್ಟ ರಾತ್ರಿ ಪ್ರತಿ ಟೆಂಟಿನ ಮುಂದೆ ನಿಂತು ಮೂರು ಸಲ ಗಟ್ಟಿಯಾಗಿ ಕೂಗುತ್ತೇನೆ, ಅತಿಥಿಗಳು ಬೈದುಕೊಳ್ಳುತ್ತಾರೆ.

ಅಕ್ಕನಿಗೆ ಬೊಮ್ಮಣ್ಣ ಹೇಳಿದ್ದನ್ನು ಹೇಳಿಲ್ಲ. ಕೂಗಿದ್ದು ಬೇರೆ ಯಾರೋ ಎಂದಾದರೆ, ಅದು ಯಾರು ಎಂಬುದು ನನ್ನ ನಿದ್ದೆ ಕೆಡಿಸುವುದಿಲ್ಲ, ಯಾರಾದರೂ ಆಗಿರಲಿ. ಆದರೆ ಅದು ನಾನೇ ಆಗಿದ್ದರೆ, ಇನ್ನೊಂದೇ ಒಂದು ಸಲ ಕೂಗಿದ್ದರೆ ಭಾವ ಇಳಿದು ಬರುತ್ತಿದ್ದರು.